ಹೆಸರನ್ನು ಕೊನೆಗೆ ಉಳಿಸಿಕೊಂಡ ಹಾಡು

ಪ್ರಶ್ನೆ: ಟಿ.ವಿ.ಯಲ್ಲಿ 'ಕ್ಯಾಸಿನೋ ರಾಯಲ್' ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಆರಂಭದ ಹಾಡು 'ಯು ನೋ ಮೈ ನೇಮ್' ಜೇಮ್ಸ್ ಬಾಂಡ್ ಚಿತ್ರಗಳ ಉಳಿದ ಹಾಡುಗಳಂತೆ ನಯವಾಗಿಲ್ಲ. ಗಂಟಲು ಬಿರಿಯುವಂತೆ ಹಾಡಿದ್ದಾರೆ. ಇದನ್ನು ಹಾಡಿದ ಕ್ರಿಸ್ ಕಾರ್ನೆಲ್ ಯಾರು? ಗಾಯಕಿಯರೇ ಹೆಚ್ಚಾಗಿ ಹಾಡುವ ಜಾಗಕ್ಕೆ ಅವರನ್ನು ಕರೆದದ್ದೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಕ್ರಿಸ್ ಕಾರ್ನೆಲ್ ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದವರು. ಹುಟ್ಟಿದ್ದು 1964ರ ಜುಲೈ 20ರಂದು. ಹಾಡುಗಾರಿಕೆಯಿಂದ ಹೊಟ್ಟೆ ತುಂಬುವ ಮೊದಲು ಮೀನಿನ ಸಗಟು ಅಂಗಡಿಯಲ್ಲಿ ಲೋಳೆ ಒರೆಸಿದ್ದಾರೆ, ಹೋಟೆಲಿನ ಅಡುಗೆಮನೆಯಲ್ಲೂ ದುಡಿದಿದ್ದಾರೆ. 1984ರಲ್ಲಿ ಗಿಟಾರ್ ವಾದಕ ಕಿಮ್ ಥಾಯಿಲ್ ಮತ್ತು ಬೇಸ್ ವಾದಕ ಹಿರೋ ಯಾಮಾಮೋಟೊ ಅವರೊಡನೆ 'ಸೌಂಡ್‌ಗಾರ್ಡನ್' ಎಂಬ ತಂಡವನ್ನು ಕಟ್ಟಿದರು. ಸಿಯಾಟಲ್‌ನ ಸರೋವರದ ದಂಡೆಯ ಮೇಲೆ, ಗಾಳಿ ಬೀಸಿದಾಗ ಕೊಳಲಿನಂತೆ ದನಿಗೈಯುವ ಲೋಹದ ಕೊಳವೆಗಳ ಶಿಲ್ಪವೊಂದಿದೆ. ತಂಡದ ಹೆಸರು ಅದರಿಂದ ಬಂದದ್ದು. ಮೊದಮೊದಲು ಕಾರ್ನೆಲ್ ಡ್ರಮ್ಸ್ ಬಾರಿಸುತ್ತಲೇ ಹಾಡುತ್ತಿದ್ದರು. ಮುಂದೆ ಡ್ರಮ್ಸ್‌ಗೆ ಬೇರೊಬ್ಬರು ಬಂದ ಮೇಲೆ ವೇದಿಕೆಯ ಮುಂಭಾಗಕ್ಕೆ ಬಂದರು.

1990ರ ದಶಕದ ಆರಂಭದಲ್ಲಿ ಸಿಯಾಟಲ್‌ನ ತಂಡಗಳು 'ಗ್ರಂಜ್' ಎಂಬ ಒರಟು ರಾಕ್ ಶೈಲಿಯ ಹೆಸರಿನಲ್ಲಿ ಜಗತ್ತನ್ನು ಸುತ್ತಿದವು. ಅವುಗಳ ಪೈಕಿ ಸೌಂಡ್‌ಗಾರ್ಡನ್ 1994ರಲ್ಲಿ ಹೊರತಂದ 'ಸೂಪರ್‌ಅನ್‌ನೋನ್' ಅಮೆರಿಕದ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲೇ ಕಾಣಿಸಿಕೊಂಡಿತು ಮತ್ತು ಅದರ ಎರಡು ಹಾಡುಗಳಿಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಇದರ ನಡುವೆ, 1990ರಲ್ಲಿ ತೀರಿಕೊಂಡ ಗೆಳೆಯ, ಒಂದೇ ಮನೆಯಲ್ಲಿ ತಮ್ಮೊಡನೆ ವಾಸವಿದ್ದ ಗಾಯಕ ಆಂಡ್ರ್ಯೂ ವುಡ್ ಅವರ ನೆನಪಿಗಾಗಿ ಕಾರ್ನೆಲ್ 'ಟೆಂಪಲ್ ಆಫ್ ದ ಡಾಗ್' ಎಂಬ ಹೆಸರಿನಲ್ಲಿ ಒಂದು ಆಲ್ಬಂ ಮಾಡಿದರು. ಅವರ ದನಿಯ ಮೃದುವಾದ ಪದರ ಕೇಳಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಅದನ್ನೇ. 1997ರಲ್ಲಿ ಸೌಂಡ್‌ಗಾರ್ಡನ್ ಒಡೆಯಿತು. 1999ರಲ್ಲಿ ಒಬ್ಬರೇ ಒಂದು ಆಲ್ಬಂ ತಂದರು. 2001ರಲ್ಲಿ 'ರೇಜ್ ಅಗೇನ್‌ಸ್ಟ್ ದ ಮಷೀನ್' ತಂಡದ ಮೂವರು ವಾದಕರ ಜೊತೆ ಸೇರಿ 'ಆಡಿಯೋಸ್ಲೇವ್' ಆರಂಭಿಸಿದರು. ಬಾಂಡ್ ಚಿತ್ರದವರಿಂದ ಕರೆ ಬಂದಾಗ ಅವರು ಇನ್ನೂ ಆ ತಂಡದಲ್ಲೇ ಇದ್ದರು.

ಇನ್ನು, ಅವರನ್ನೇ ಕರೆದದ್ದೇಕೆ ಎಂಬ ನಿಮ್ಮ ಮಾತು. 2006ರ ಆ ಚಿತ್ರದಲ್ಲಿ ಬಾಂಡ್ ಹೊಸಬ. ಪಾತ್ರವಹಿಸಿದ ಡೇನಿಯಲ್ ಕ್ರೇಗ್ ಅವರಿಗೂ ಅದು ಮೊದಲನೆಯದು. ಕೊಲ್ಲುವ ಪರವಾನಗಿ ಆಗಷ್ಟೇ ಸಿಕ್ಕಿರುವ, ಕೈಕಾಲಿಗೆ ಪೆಟ್ಟಾಗುವ, ತಪ್ಪು ಮಾಡುವ ಮನುಷ್ಯ ಅವನು. ಆದ್ದರಿಂದ ಗಟ್ಟಿಯಾದ ಗಂಡು ದನಿಯೊಂದು ಬೇಕೆಂದು ಹುಡುಕುತ್ತಿದ್ದಾಗ, ಸೋನಿ ಪಿಕ್ಚರ್ಸ್ ಸಂಸ್ಥೆಯ ಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಲಿಯಾ ವೊಲಾಕ್ ಅವರು ಕಾರ್ನೆಲ್ ಅವರನ್ನು ಸಂಪರ್ಕಿಸಿದರು. ಗಾಯಕಿಯರೇ ಹೆಚ್ಚು ಎಂದು ನೀವು ಗಮನಿಸಿರುವುದು ಸರಿಯಾಗಿಯೇ ಇದೆ. ಟಾಮ್ ಜೋನ್ಸ್ 1965ರಲ್ಲಿ, ಪಾಲ್ ಮೆಕಾರ್ಟ್ನಿ 1973ರಲ್ಲಿ ಹಾಡಿದ್ದುಂಟು. ಆದರೆ 1987ರಲ್ಲಿ ನಾರ್ವೆಯ 'ಆ-ಹಾ' ತಂಡ ಹಾಡಿದ ಮೇಲೆ ಕಾರ್ನೆಲ್ ಬರುವವರೆಗೆ ಆ ಜಾಗದಲ್ಲಿ ಗಂಡು ದನಿ ಕೇಳಿರಲಿಲ್ಲ. ಕಾರ್ನೆಲ್ ದನಿ ಮಂದ್ರದಲ್ಲಿ ಮರಳು ಉಜ್ಜಿದಂತಿರುತ್ತದೆ, ತಾರಸ್ಥಾಯಿಗೆ ಏರಿದಾಗ ಹರಿದುಹೋಗುವಂತಿದ್ದರೂ ಶ್ರುತಿ ಬಿಡುವುದಿಲ್ಲ. ಪೆಟ್ಟು ತಿಂದರೂ ನಿಂತೇ ಇರುವ ನಾಯಕನಿಗೆ ಇದಕ್ಕಿಂತ ಒಪ್ಪುವ ಕಂಠ ಆಗ ಬೇರೆ ಇತ್ತೆಂದು ನನಗನ್ನಿಸುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಸಂಗೀತ ನಿರ್ದೇಶಕರು ಟ್ಯೂನ್ ಕೊಡುತ್ತಾರೆ, ಸಾಹಿತಿ ಅದಕ್ಕೆ ಮಾತು ಕೂರಿಸುತ್ತಾರೆ, ಗಾಯಕರು ಬಂದು ಹಾಡಿ ಹೋಗುತ್ತಾರೆ. 'ಯು ನೋ ಮೈ ನೇಮ್' ಹಾಡಿಗೆ ಮಾತ್ರ ಗಾಯಕ ಮತ್ತು ಸಂಗೀತ ನಿರ್ದೇಶಕ ಇಬ್ಬರ ಹೆಸರೂ ರಚನಕಾರರಾಗಿ ಇದೆ. ಯಾರ ಪಾಲು ಯಾವುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ರಾಕ್ ಸಂಗೀತದಲ್ಲಿ ಗಾಯಕನೇ ಹಾಡು ಬರೆಯುವುದು ವಾಡಿಕೆ, ಬೇರೆಯವರು ಬರೆದದ್ದನ್ನು ಒಪ್ಪಿಸಿ ಹೋಗುವುದೇ ಅಲ್ಲಿ ಅಪರೂಪ. ಸೌಂಡ್‌ಗಾರ್ಡನ್‌ನ ಬಹುಪಾಲು ಹಾಡುಗಳ ಸಾಹಿತ್ಯ ಕಾರ್ನೆಲ್ ಅವರದೇ. ಹೀಗಾಗಿ ಅವರನ್ನು ಕರೆಯುವುದೆಂದರೆ ಕಂಠದ ಜೊತೆಗೆ ಲೇಖನಿಯನ್ನೂ ಕರೆದಂತೆ. ನಮ್ಮಲ್ಲೂ ಈ ಬಗೆ ತೀರ ಇಲ್ಲದಿಲ್ಲ: ತಾವೇ ಹಾಡು ಕಟ್ಟಿ ಹಾಡುತ್ತಿದ್ದ ರಘು ದೀಕ್ಷಿತ್ ಅವರು 2008ರಲ್ಲಿ 'ಸೈಕೋ' ಚಿತ್ರಕ್ಕೆ ಸಂಗೀತ ನೀಡಿದ್ದು ನಿಮಗೆ ನೆನಪಿರಬಹುದು.

ಈ ಹಾಡಿನ ಇನ್ನೊಬ್ಬ ರಚನಕಾರ ಡೇವಿಡ್ ಆರ್ನಲ್ಡ್, 1997ರಿಂದ 2008ರವರೆಗೆ ಐದು ಬಾಂಡ್ ಚಿತ್ರಗಳಿಗೆ ಸತತವಾಗಿ ಹಿನ್ನೆಲೆ ಸಂಗೀತ ಕೊಟ್ಟವರು. ಬಾಂಡ್ ಸಂಗೀತದ ಹಿರಿಯ ಜಾನ್ ಬ್ಯಾರಿ ಅವರೇ ನಿರ್ಮಾಪಕರಿಗೆ ಶಿಫಾರಸು ಮಾಡಿದ ವ್ಯಕ್ತಿ. ಆದರೆ ಚಿತ್ರದ ಒಳಗಿನ ಸಂಗೀತ ತಮ್ಮದಾಗಿದ್ದರೂ ಬಾಗಿಲಲ್ಲಿ ನಿಲ್ಲುವ ಹಾಡು ಪ್ರತಿ ಬಾರಿಯೂ ಅವರ ಕೈಗೆ ಸಿಗಲಿಲ್ಲ. 1997ರ ಚಿತ್ರದಲ್ಲಿ ಅವರು ಸಂಯೋಜಿಸಿ ಕೆ.ಡಿ. ಲ್ಯಾಂಗ್ ಹಾಡಿದ ಗೀತೆಯನ್ನು ಕೊನೆಯ ಶೀರ್ಷಿಕೆಗಳಿಗೆ ಸರಿಸಿ, ಆರಂಭಕ್ಕೆ ಬೇರೆಯವರ ಹಾಡನ್ನು ಇಟ್ಟರು. 2002ರ ಚಿತ್ರದ ಆರಂಭದ ಹಾಡಿನ ರಚನೆಯಲ್ಲಂತೂ ಅವರ ಪಾತ್ರವೇ ಇರಲಿಲ್ಲ. ಹೀಗೆ ಬಾಗಿಲು ಒಬ್ಬರದು, ಮನೆ ಇನ್ನೊಬ್ಬರದು ಆದಾಗ ಹಾಡಿನ ಎಳೆ ಚಿತ್ರದೊಳಗೆ ಇಳಿಯುವುದೇ ಇಲ್ಲ. ಸಂಗೀತ ನಿರ್ದೇಶಕನ ಕಣ್ಣಿನಿಂದ ನೋಡಿದರೆ ಇದು ಸಣ್ಣ ಕೊರತೆಯಲ್ಲ.

2006ರಲ್ಲಿ ಆ ಕೊರತೆ ನೀಗಿತು. ಚಿತ್ರೀಕರಣ ನಡೆಯುತ್ತಿದ್ದ ಪ್ರಾಗ್ ನಗರಕ್ಕೆ ಕಾರ್ನೆಲ್ ಅವರನ್ನು ಕರೆಸಿ, ಇನ್ನೂ ಸಂಕಲನದ ಹಂತದಲ್ಲಿದ್ದ ದೃಶ್ಯಗಳನ್ನು ತೋರಿಸಿದರು. ಅಲ್ಲಿಂದ ಮುಂದೆ ಇಬ್ಬರೂ ಬೇರೆಬೇರೆಯಾಗಿ ಕುಳಿತು ಹಾಡಿನ ತುಣುಕುಗಳನ್ನು ಬರೆದು, ಆಮೇಲೆ ಭೇಟಿಯಾಗಿ, ಒಬ್ಬರದಕ್ಕೆ ಇನ್ನೊಬ್ಬರದನ್ನು ಹೊಲಿದು ಒಂದೇ ಹಾಡು ಮಾಡಿದರು. ಪಾಲು ಹಂಚಿ ತೋರಿಸಿ ಎಂದು ನೀವು ಕೇಳಿದ್ದೀರಿ. ದಾಖಲೆಯಲ್ಲಿ ಸಾಹಿತ್ಯವೂ ಸಂಗೀತವೂ ಇಬ್ಬರದೇ. ಕಿವಿಯಿಂದ ನಾನು ಊಹಿಸುವುದಾದರೆ, ಚರಣದ ಕೆಳಗೆ ಹಲ್ಲು ಕಡಿಯುತ್ತ ಸಾಗುವ ಗಿಟಾರ್‌ನ ಒರಟು ನಡೆ ಸಿಯಾಟಲ್‌ನಿಂದ ಬಂದದ್ದು. ಸಾಲು ಮುಗಿಯುವ ಹೊತ್ತಿಗೆ ಕತ್ತಿಯಂತೆ ಇರಿಯುವ ಟ್ರಂಪೆಟ್ ಮತ್ತು ಟ್ರಾಂಬೋನ್‌ಗಳು ಜಾನ್ ಬ್ಯಾರಿಯ ಕಾಲದಿಂದ ಆರ್ನಲ್ಡ್ ಹೊತ್ತು ತಂದವು. ಹಾಡುವಾಗ ಟಾಮ್ ಜೋನ್ಸ್ ಅವರ 1965ರ ಬಾಂಡ್ ಗೀತೆ ತಮ್ಮ ಮನಸ್ಸಿನಲ್ಲಿತ್ತೆಂದು ಕಾರ್ನೆಲ್ ಹೇಳಿಕೊಂಡಿದ್ದಾರೆ. ಪಲ್ಲವಿಯಲ್ಲಿ ಎದೆ ತುಂಬಿ ದನಿಯನ್ನು ಎಳೆಯುವ ರೀತಿಯಲ್ಲಿ ಅದು ಗೊತ್ತಾಗುತ್ತದೆ. ಸೌಂಡ್‌ಗಾರ್ಡನ್‌ನಲ್ಲಿ ಅವರು ಹಾಗೆ ಹಾಡಿದ್ದು ಕಡಿಮೆ.

ಪ್ರಶ್ನೆ: ಹಾಡಿನಲ್ಲಿ ಚಿತ್ರದ ಹೆಸರೇ ಇಲ್ಲ. ಚಿತ್ರದಲ್ಲಿ ಬಾಂಡ್‌ನ ಹಳೆಯ ಧಾಟಿಯೂ ಕೇಳಿಸಲಿಲ್ಲ. ಇದು ಬೇಕೆಂದೇ ಮಾಡಿದ್ದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡೂ ಬೇಕೆಂದೇ ಮಾಡಿದ್ದು, ಮತ್ತು ಎರಡಕ್ಕೂ ಒಂದೇ ಬೇರು. ಚಿತ್ರದ ಹೆಸರನ್ನು ಹಾಡಿನ ಹೆಸರಾಗಿಸದೆ ಬಿಟ್ಟದ್ದು ಬಾಂಡ್ ಸರಣಿಯಲ್ಲಿ 1983ರ 'ಆಕ್ಟೋಪಸಿ'ಯ ನಂತರ ಇದೇ ಮೊದಲು. ಜೂಜುಕೋಣೆಯ ಹೆಸರೊಂದು ಹಾಡಿನ ಸಾಲಿನೊಳಗೆ ಕೂರುವುದಿಲ್ಲ ಎಂಬುದು ಕಾರ್ನೆಲ್ ಅವರ ಅಭಿಪ್ರಾಯವಾಗಿತ್ತು. ಅದರ ಬದಲು ಅವರು ಆರಿಸಿಕೊಂಡ ಮಾತಿನ ಅರ್ಥ 'ನನ್ನ ಹೆಸರು ನಿನಗೆ ಗೊತ್ತು' ಎಂದು. ಸೊಗಸಿರುವುದು ಇಲ್ಲಿ: ಗೊತ್ತು ಎನ್ನುತ್ತದೆಯೇ ಹೊರತು ಹಾಡು ಆ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ.

ಚಿತ್ರದ ಆರಂಭವನ್ನು ಮತ್ತೊಮ್ಮೆ ಹಾಕಿ ನೋಡಿ. ಪ್ರಾಗ್‌ನ ಕಪ್ಪು ಬಿಳುಪಿನ ದೃಶ್ಯ, ಶೌಚಾಲಯದಲ್ಲಿ ಹೊಡೆದಾಟ. ಸತ್ತನೆಂದುಕೊಂಡವನು ಬಿದ್ದಲ್ಲಿಂದಲೇ ಪಿಸ್ತೂಲು ಎತ್ತುತ್ತಾನೆ, ಆ ಪಿಸ್ತೂಲಿನ ನಳಿಕೆಯೊಳಗಿಂದ ನೋಡಿದಂತೆ ಕಾಣುವ ಬಾಂಡ್ ತಟ್ಟನೆ ತಿರುಗಿ ಗುಂಡು ಹಾರಿಸುತ್ತಾನೆ, ತೆರೆಯ ಮೇಲಿನಿಂದ ರಕ್ತ ಇಳಿಯುತ್ತದೆ. ಹಳೆಯ ಚಿತ್ರಗಳಲ್ಲಿ ಈ ಪಿಸ್ತೂಲಿನ ನಳಿಕೆಯ ಚಿತ್ರಿಕೆ ಬರುವಾಗ ಮೋಂಟಿ ನಾರ್ಮನ್ ಅವರ 1962ರ ಪ್ರಸಿದ್ಧ ಧಾಟಿ ಮೊಳಗುತ್ತಿತ್ತು. ಇಲ್ಲಿ ಆ ಜಾಗಕ್ಕೆ ಕಾರ್ನೆಲ್ ಹಾಡು ನುಗ್ಗುತ್ತದೆ. ಹಾಡಿನ ಜೊತೆ ಮೂಡುವ ಶೀರ್ಷಿಕೆಯ ಚಿತ್ರಿಕೆಗಳನ್ನು ಮಾಡಿದ ಡೇನಿಯಲ್ ಕ್ಲೈನ್‌ಮನ್ ಅವರು ಮೂಲ ಕಾದಂಬರಿಯ 1953ರ ಮೊದಲ ಮುದ್ರಣದ ಮುಖಪುಟದಿಂದ ಪ್ರೇರಣೆ ಪಡೆದು, ಇಡೀ ಹಾಡನ್ನು ಇಸ್ಪೀಟ್ ಎಲೆಗಳ ಆಟವಾಗಿಸಿದ್ದಾರೆ: ಪೆಟ್ಟು ತಿಂದವರ ಆಕೃತಿಗಳು ಆಟೀನು, ಕಳಾವರ್‌ಗಳಾಗಿ ಚೂರುಚೂರಾಗಿ ಉದುರುತ್ತವೆ. ಬಾಂಡ್ ಚಿತ್ರಗಳ ಶೀರ್ಷಿಕೆಗಳಲ್ಲಿ ರೂಢಿಯಾಗಿದ್ದ ಹೆಣ್ಣುಗಳ ನೆರಳುಗಳು ಇಲ್ಲಿಲ್ಲ. ಕಥಾನಾಯಕಿಯ ಮುಖವೊಂದು ರಾಣಿಯ ಎಲೆಯ ಮೇಲೆ ಕ್ಷಣಕಾಲ ಕಾಣಿಸಿ ಮರೆಯಾಗುತ್ತದೆ, ಅಷ್ಟೆ.

ಅಲ್ಲಿಂದ ಮುಂದೆ ಆರ್ನಲ್ಡ್ ಅವರ ಜಾಣ್ಮೆ ಶುರುವಾಗುತ್ತದೆ. ಈ ಬಾಂಡ್ ಇನ್ನೂ ಪೂರ್ತಿ ಬಾಂಡ್ ಆಗಿಲ್ಲವಾದ್ದರಿಂದ ಅವನಿಗೆ ಹಳೆಯ ಧಾಟಿಯ ಹಕ್ಕಿಲ್ಲ ಎಂದು ತೀರ್ಮಾನಿಸಿ, ಕಾರ್ನೆಲ್ ಜೊತೆ ಕಟ್ಟಿದ ಹಾಡಿನ ಸ್ವರಗಳನ್ನೇ ಚಿತ್ರದುದ್ದಕ್ಕೂ ನಾಯಕನ ಗುರುತಾಗಿ ಬಳಸಿದ್ದಾರೆ. ಮಯಾಮಿ ವಿಮಾನ ನಿಲ್ದಾಣದ ಬೆನ್ನಟ್ಟುವಿಕೆಯಲ್ಲಿ ಅದೇ ಸ್ವರಗಳು ಓಡುತ್ತವೆ, ಬಿಡುವಿನ ದೃಶ್ಯಗಳಲ್ಲಿ ತಗ್ಗಿದ ದನಿಯಲ್ಲಿ ಹಣಕುತ್ತವೆ. ಹಳೆಯ ಧಾಟಿ ತೀರ ಕೇಳಿಸಲೇ ಇಲ್ಲವೆಂದು ನೀವು ಬರೆದಿದ್ದೀರಿ. ಒಂದು ಕಡೆ ಅದರ ನೆರಳಿದೆ. ನಾಯಕಿ ಕೊಟ್ಟ ಡಿನ್ನರ್ ಜಾಕೆಟ್ಟನ್ನು ತೊಟ್ಟು ಬಾಂಡ್ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುವಾಗ, ವಾದ್ಯವೃಂದ ಹಳೆಯ ಧಾಟಿಯ ಅಂಚನ್ನು ಮುಟ್ಟಿ, ಇನ್ನೇನು ಹಾಡಿಬಿಡುತ್ತದೆ ಎನ್ನುವಷ್ಟರಲ್ಲಿ ಹಿಂದೆ ಸರಿಯುತ್ತದೆ. ಮುಂದಿನ ಸಲ ನೋಡುವಾಗ ಅಲ್ಲಿ ಟಿ.ವಿ.ಯ ದನಿಯನ್ನು ಸ್ವಲ್ಪ ಏರಿಸಿಕೊಳ್ಳಿ.

ಪೂರ್ತಿ ಧಾಟಿ ಬರುವುದು ಕಟ್ಟಕಡೆಗೆ, ಕೋಮೊ ಸರೋವರದ ಬಳಿಯ ಬಂಗಲೆಯಲ್ಲಿ. ಕಾಲಿಗೆ ಗುಂಡು ತಿಂದು ತೆವಳುತ್ತಿರುವ ಶತ್ರುವಿನ ಮುಂದೆ ನಿಂತು ನಾಯಕ ತನ್ನ ಹೆಸರು ಹೇಳುತ್ತಾನೆ, ಆ ಕ್ಷಣವೇ ತೆರೆ ಕಪ್ಪಾಗಿ 1962ರ ಗಿಟಾರ್ ಸಿಡಿಯುತ್ತದೆ. ಆರಂಭದ ಹಾಡು ಎರಡೂಕಾಲು ಗಂಟೆಯ ಹಿಂದೆ ಮುಚ್ಚಿಟ್ಟಿದ್ದ ಹೆಸರು ಅಲ್ಲಿ ಬಾಯಿಗೆ ಬಂತು. ಹಾಡಿನ ಸ್ವರಗಳು ಮತ್ತು ಹಿನ್ನೆಲೆ ಸಂಗೀತ ಒಂದೇ ಕೈಯಲ್ಲಿ ಇಲ್ಲದಿದ್ದರೆ ಈ ಲೆಕ್ಕಾಚಾರ ಸಾಧ್ಯವೇ ಆಗುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಮಾರಾಟವಾದ, ಆಸ್ಕರ್ ಪಡೆದ ಬಾಂಡ್ ಗೀತೆಗಳು ಆಮೇಲೆ ಬಂದಿವೆ. ಆದರೆ ಚಿತ್ರದ ಕಥೆಯ ಜೊತೆ ಇಷ್ಟು ಬಿಗಿಯಾಗಿ ಹೆಣೆದುಕೊಂಡದ್ದು ಇನ್ನೊಂದಿದೆ ಎಂದು ನಾನು ಒಪ್ಪಲಾರೆ, ಭಿನ್ನಮತವಿದ್ದವರು ಬರೆಯಬಹುದು.

ಪ್ರಶ್ನೆ: ಚಿತ್ರದ ಧ್ವನಿಮುದ್ರಿಕೆಯನ್ನು ಕೊಂಡೆ, ಅದರಲ್ಲಿ ಈ ಹಾಡೇ ಇಲ್ಲ! ಮೋಸಹೋದೆನೇ? ಹಾಗೆಯೇ, ಇದಕ್ಕೆ ಪ್ರಶಸ್ತಿಗಳು ಬಂದವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮೋಸಹೋಗಿಲ್ಲ. 'ಕ್ಯಾಸಿನೋ ರಾಯಲ್' ಧ್ವನಿಮುದ್ರಿಕೆಯಲ್ಲಿರುವುದು ಆರ್ನಲ್ಡ್ ಅವರ ಹಿನ್ನೆಲೆ ಸಂಗೀತ ಮಾತ್ರ. ಹಾಡನ್ನು ಬಿಡಿಯಾಗಿ ಬಿಡುಗಡೆ ಮಾಡಿದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ 7ನೆಯ ಸ್ಥಾನದವರೆಗೆ ಏರಿತು. ಗಾಯಕನ ತವರಾದ ಅಮೆರಿಕದಲ್ಲಿ 79ನೆಯ ಸ್ಥಾನವನ್ನು ದಾಟಲಿಲ್ಲ. 2007ರಲ್ಲಿ ಕಾರ್ನೆಲ್ ಹೊರತಂದ 'ಕ್ಯಾರಿ ಆನ್' ಆಲ್ಬಂನ ಕೊನೆಯಲ್ಲಿ ಅದು ನಿಮಗೆ ಸಿಗುತ್ತದೆ. ಚಲನಚಿತ್ರಕ್ಕಾಗಿ ಬರೆದ ಹಾಡುಗಳ ವಿಭಾಗದಲ್ಲಿ ಗ್ರ್ಯಾಮಿಗೆ ನಾಮನಿರ್ದೇಶನವಾಯಿತು, ಗೆಲ್ಲಲಿಲ್ಲ. ಆಸ್ಕರ್‌ನ ಐವರ ಪಟ್ಟಿಗೆ ಸೇರಲೂ ಇಲ್ಲ.

ಪ್ರಶ್ನೆ: ಸೌಂಡ್‌ಗಾರ್ಡನ್‌ನ ಗಿಟಾರ್ ವಾದಕರು ಭಾರತೀಯ ಮೂಲದವರಂತೆ, ನಿಜವೇ? ಬಾಂಡ್ ಹಾಡಿನ ನಂತರ ಕಾರ್ನೆಲ್ ಏನು ಮಾಡಿದರು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. ಕಿಮ್ ಥಾಯಿಲ್ ಅವರ ತಂದೆ ತಾಯಿ ಕೇರಳದವರು.

ಕಾರ್ನೆಲ್ 2007ರ ಆರಂಭದಲ್ಲಿ ಆಡಿಯೋಸ್ಲೇವ್ ತೊರೆದರು. 2009ರಲ್ಲಿ ಹಿಪ್‌ಹಾಪ್ ನಿರ್ಮಾಪಕ ಟಿಂಬಲ್ಯಾಂಡ್ ಜೊತೆ ಮಾಡಿದ 'ಸ್ಕ್ರೀಮ್' ಆಲ್ಬಂ ಹಳೆಯ ಅಭಿಮಾನಿಗಳನ್ನು ಸಿಟ್ಟಿಗೆಬ್ಬಿಸಿತು. ಆ ಸಿಟ್ಟಿನಲ್ಲಿ ನನಗೂ ಪಾಲಿದೆ: ಆ ಕಂಠವನ್ನು ಯಂತ್ರದ ತಾಳಕ್ಕೆ ಕಟ್ಟಿಹಾಕಿದ್ದು ಸರಿಹೋಗಲಿಲ್ಲ. ಆರ್ನಲ್ಡ್ ಮಾಡಿದ್ದೂ ಹೊರಗಿನ ಸಂಗೀತವನ್ನು ತಂದು ಸೇರಿಸುವ ಕೆಲಸವೇ, ಆದರೆ ಅಲ್ಲಿ ವಾದ್ಯವೃಂದ ದನಿಗೆ ಎದುರಾಗಿ ನಿಂತು ಸೆಣಸುತ್ತದೆ, ಅದರಿಂದ ದನಿ ಬೆಳೆಯುತ್ತದೆ. 2010ರಲ್ಲಿ ಸೌಂಡ್‌ಗಾರ್ಡನ್ ಮತ್ತೆ ಒಂದಾಯಿತು, 2012ರಲ್ಲಿ ಹೊಸ ಆಲ್ಬಂ ಬಂತು. ಚಿತ್ರಗಳಿಗೆ ಬರೆಯುವುದನ್ನೂ ಕಾರ್ನೆಲ್ ಬಿಡಲಿಲ್ಲ. 2011ರಲ್ಲಿ ಅಂಥದೊಂದು ಹಾಡು ಗೋಲ್ಡನ್ ಗ್ಲೋಬ್‌ಗೆ ನಾಮನಿರ್ದೇಶನಗೊಂಡಿತು. 2017ರ ಮೇ 17ರ ರಾತ್ರಿ ಡೆಟ್ರಾಯಿಟ್‌ನ ಫಾಕ್ಸ್ ಥಿಯೇಟರಿನಲ್ಲಿ ತಂಡದೊಡನೆ ಹಾಡಿದ ಕೆಲವೇ ಗಂಟೆಗಳಲ್ಲಿ ಅವರು ತೀರಿಕೊಂಡರು. ವಯಸ್ಸು 52.

ಕೊನೆಯ ವರ್ಷಗಳಲ್ಲಿ ಅವರು ಒಬ್ಬರೇ ವೇದಿಕೆಯ ಮೇಲೆ ಕುಳಿತು, ಅಕೂಸ್ಟಿಕ್ ಗಿಟಾರ್ ಹಿಡಿದು ಕಛೇರಿಗಳನ್ನು ಕೊಡುತ್ತಿದ್ದರು. ಬಾಂಡ್ ಹಾಡನ್ನೂ ಹಾಗೆ ಹಾಡಿದ್ದಾರೆ. ಟ್ರಂಪೆಟ್ ಇಲ್ಲ, ಡ್ರಮ್ಸ್ ಇಲ್ಲ. ಚಿತ್ರದಲ್ಲಿ ವಾದ್ಯಗಳ ಅಬ್ಬರದ ನಡುವೆ ಕಿವಿ ತಪ್ಪಿಸಿಕೊಳ್ಳುವ ಚರಣದ ಸಣ್ಣ ಇಳಿತಗಳು ಅಲ್ಲಿ ಒಂದೊಂದಾಗಿ ಕೇಳುತ್ತವೆ. ಎರಡನ್ನೂ ಒಂದಾದ ಮೇಲೊಂದು ಕೇಳಿ, ಮೊದಲು ಚಿತ್ರದ್ದು.