ಜೋನಾ ಲೋಮು 27ಕ್ಕೇ ಯಾಕೆ ನಿಂತುಹೋದ?

ರಗ್ಬಿ ವಿಶ್ವಕಪ್ಪನ್ನೇ ಗೆಲ್ಲದ, 27ನೇ ವಯಸ್ಸಿಗೆ ಟೆಸ್ಟ್ (ದೇಶ-ದೇಶಗಳ ನಡುವಿನ ಪಂದ್ಯ) ಆಟ ಮುಗಿದ ನ್ಯೂಜಿಲೆಂಡ್ ಆಟಗಾರ ಲೋಮುವನ್ನು ಯಾಕಿಷ್ಟು ಹೊಗಳುತ್ತಾರೆ ಅಂತ ಕೇಳಿದ್ದೀರಿ. 1995ರ ವಿಶ್ವಕಪ್ ಸೆಮಿಫೈನಲ್ ಒಮ್ಮೆ ನೋಡಿ. ಕೇಪ್‌ಟೌನ್, ಎದುರಾಳಿ ಇಂಗ್ಲೆಂಡ್. ಎಡಬದಿಯಲ್ಲಿ ಚೆಂಡು ಸಿಕ್ಕಿದ್ದೇ ತಡ, ಟೋನಿ ಅಂಡರ್‌ವುಡ್‌ನನ್ನು ದಾಟಿದ. ವಿಲ್ ಕಾರ್ಲಿಂಗ್ ಕಾಲಿಗೆ ಕೈ ಹಾಕಿದಾಗ ಮುಗ್ಗರಿಸಿದ, ಆದರೂ ಬೀಳಲಿಲ್ಲ. ಎದುರಿಗಿದ್ದ ಮೈಕ್ ಕ್ಯಾಟ್‌ನನ್ನು ತುಳಿದುಕೊಂಡೇ ಹೋಗಿ ಟ್ರೈ ಹೊಡೆದ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿ ಅಂಕ ಗಳಿಸಿದ! ಆ ದಿನ ಒಟ್ಟು ನಾಲ್ಕು ಟ್ರೈ, ನ್ಯೂಜಿಲೆಂಡ್‌ಗೆ 45-29ರ ಗೆಲುವು. ಅಷ್ಟು ದೈತ್ಯ ದೇಹದವರು ಆಗೆಲ್ಲ ಚೆಂಡಿಗಾಗಿ ಗುಂಪಾಗಿ ತಳ್ಳಾಡುವ ಸ್ಕ್ರಮ್‌ನಲ್ಲಿ ಇರುತ್ತಿದ್ದರು; ಇವನು ವೇಗದ ಓಟಗಾರರ ಜಾಗವಾದ ವಿಂಗ್‌ನಲ್ಲಿ, ಮೈದಾನದ ಅಂಚಿನಲ್ಲಿ ಓಡುತ್ತಿದ್ದ.

ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಅವನನ್ನು ಕಟ್ಟಿಹಾಕಿತು ನಿಜ. ಟೆಸ್ಟ್‌ಗಳಲ್ಲಿ ಅವರ ವಿರುದ್ಧ ಅವನು ಒಂದೂ ಟ್ರೈ ಗಳಿಸಲಿಲ್ಲ.

ಬೇಗ ನಿಂತದ್ದಕ್ಕೆ ಕಾರಣ ಕಿಡ್ನಿ. 1995ರ ಕೊನೆಗೇ ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆ ಪತ್ತೆಯಾಗಿತ್ತು. 1999ರ ವಿಶ್ವಕಪ್‌ನ ಎಂಟು ಟ್ರೈ ಬಂದದ್ದು ಆ ಕಾಯಿಲೆಯ ನಂತರ, ಅದನ್ನು ದಯವಿಟ್ಟು ಗಮನಿಸಿ. ನನ್ನ ಮಟ್ಟಿಗೆ ಅವನ ದೊಡ್ಡ ಸಾಧನೆ ಇದೇ. 63 ಟೆಸ್ಟ್, 37 ಟ್ರೈ. ಕೊನೆಯದು 2002ರಲ್ಲಿ ವೇಲ್ಸ್ ವಿರುದ್ಧ. ಆಮೇಲೆ ಡಯಾಲಿಸಿಸ್, 2004ರಲ್ಲಿ ಕಿಡ್ನಿ ಕಸಿ. ಅಷ್ಟಾದ ಮೇಲೂ ಕಾರ್ಡಿಫ್‌ನಲ್ಲಿ ಕ್ಲಬ್ ಪಂದ್ಯಗಳಿಗೆ ಮೈದಾನಕ್ಕಿಳಿದ. 2015ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅವನಿಗಿನ್ನೂ 40.