ಕಡ್ಡಿ ಕಟ್ಟಿ, ಬಿಚ್ಚಿ ಕಳೆಯುವ ಲೆಕ್ಕ

ಪ್ರಶ್ನೆ: ಮೂರನೇ ತರಗತಿಯ ಹಲವು ಮಕ್ಕಳು 52ರಲ್ಲಿ 27 ಕಳೆದು 35 ಎಂದು ಬರೆಯುತ್ತಾರೆ. ಕಡ್ಡಿ-ಕಟ್ಟಿನಿಂದ ಕಲಿಸಲು ಹೊರಟಿದ್ದೇವೆ. ಹೇಗೆ ಶುರು ಮಾಡುವುದು?
– ಶಿಕ್ಷಕಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಮೇಡಂ, 2ರಲ್ಲಿ 7 ಹೋಗದೆಂದು ಮಕ್ಕಳು 7ರಲ್ಲೇ 2 ಕಳೆಯುತ್ತಿದ್ದಾರೆ. ಇಬ್ಬಿಬ್ಬರಿಗೆ ನೂರು ಪೊರಕೆ ಕಡ್ಡಿ, ಹತ್ತು ರಬ್ಬರ್ ಬ್ಯಾಂಡ್ ಕೊಡಿ. ಹತ್ತರ ಕಟ್ಟುಗಳನ್ನು ಅವರೇ ಎಣಿಸಿ ಕಟ್ಟಲಿ. ನೀವು ಕಟ್ಟಿಕೊಟ್ಟರೆ ಕಟ್ಟನ್ನು ‘ಒಂದು’ ಎಂದೇ ಎಣಿಸುತ್ತಾರೆ. ಈ ವಿಧಾನ ಕೆಡುವುದು ಹೆಚ್ಚಾಗಿ ಇಲ್ಲೇ.

5 ಕಟ್ಟು, 2 ಬಿಡಿ ಕಡ್ಡಿ ಇಡಿಸಿ, 7 ಬಿಡಿ ಕಡ್ಡಿ ಕೇಳಿ. ಸಾಲದೆಂದು ಮಗುವೇ ಹೇಳುವವರೆಗೆ ಕಾಯಿರಿ, ದಯವಿಟ್ಟು ಅವಸರ ಬೇಡ. ಒಂದು ಕಟ್ಟು ಬಿಚ್ಚಿದರೆ 4 ಕಟ್ಟು, 12 ಬಿಡಿ. 2 ಕಟ್ಟು, 7 ಬಿಡಿ ತೆಗೆದರೆ ಉಳಿಯುವುದು 25. ಇದು ಕೈಗೆ ಹತ್ತಿದ ಮೇಲಷ್ಟೇ, ಕಟ್ಟು ಬಿಚ್ಚಿದ ಕೂಡಲೇ 5ರ ಮೇಲೆ 4, 2ರ ಮೇಲೆ 12 ಬರೆಸಿ.