ರೂಟ್ ಸ್ಕ್ರಿಪ್ಟ್ ಟೆಂಪ್‌ನಲ್ಲಿ ಫೈಲ್ ಮಾಡಿದರೆ ಅಷ್ಟೊಂದು ಅಪಾಯ ಇದೆಯಾ?

ನಿಮ್ಮ ಪ್ರಶ್ನೆ ಇಷ್ಟು: ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಲಿನಕ್ಸ್ ವ್ಯವಸ್ಥೆ) ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ, ಓಡುವ ಬ್ಯಾಕಪ್ ಸ್ಕ್ರಿಪ್ಟ್ ಇದೆ, ಅದು ಎಲ್ಲರೂ ಬಳಸುವ ತಾತ್ಕಾಲಿಕ ಟೆಂಪ್ ಡೈರೆಕ್ಟರಿಯಲ್ಲಿ (/tmp) ಪ್ರೋಸೆಸ್ ನಂಬರ್ (ಓಡುವ ಪ್ರತಿ ಪ್ರೋಗ್ರಾಮಿಗೆ ಸಿಸ್ಟಮ್ ಕೊಡುವ ನಂಬರ್) ಸೇರಿಸಿದ ಹೆಸರಿನ ಒಂದು ಫೈಲ್ ಮಾಡಿ, ಕೆಲಸ ಮುಗಿದ ಮೇಲೆ ಅಳಿಸುತ್ತದೆ. ಆಡಿಟ್‌ನವರು ಅದಕ್ಕೆ ಕೆಂಪು ಗುರುತು ಹಾಕಿದ್ದಾರೆ. ಎರಡು ಸೆಕೆಂಡ್ ಇರುವ ಫೈಲಿನಿಂದ ಏನು ಮಹಾ ಆಗುತ್ತದೆ ಅಂತ ಕೇಳಿದ್ದೀರಿ.

ಆಗುತ್ತದೆ. ಒಂದು ಕಾಲದಲ್ಲಿ ನಾನೂ ಹೀಗೇ ವಾದ ಮಾಡಿದ್ದೆ. ಸಹೋದ್ಯೋಗಿಯೊಬ್ಬರು ಜಾಸ್ತಿ ಮಾತಾಡದೆ ಒಂದು ಹಳೇ ಟೆಸ್ಟ್ ಮಷೀನಿಗೆ ಸಾಮಾನ್ಯ ಯೂಸರ್ ಆಗಿ ಲಾಗಿನ್ ಆದರು. ಒಂದೇ ಸಾಲಿನ ಲೂಪ್ ಬರೆದು, ನನ್ನ ಸ್ಕ್ರಿಪ್ಟ್ ಮಾಡುವ ಹೆಸರಿನಲ್ಲೇ 1ರಿಂದ 32767ರವರೆಗೆ ಒಂದೊಂದು ನಂಬರಿಗೂ ಒಂದೊಂದು ಸಿಂಬಾಲಿಕ್ ಲಿಂಕ್ (ಬೇರೆ ಫೈಲಿನ ಕಡೆ ಕೈ ತೋರಿಸುವ ಹೆಸರು) ಮಾಡಿಟ್ಟರು. ಎಲ್ಲವೂ ಇಟಿಸಿಯಲ್ಲಿರುವ ಹೋಸ್ಟ್ಸ್ ಫೈಲಿನ (ಮಷೀನ್ ಹೆಸರು, ವಿಳಾಸಗಳ ಪಟ್ಟಿ, ಬದಲಿಸಲು ರೂಟ್ ಆಗಿರಬೇಕು) ಕಡೆಗೆ. "ಈಗ ನಿಮ್ಮ ಸ್ಕ್ರಿಪ್ಟ್ ಓಡಿಸಿ" ಅಂದರು. ಓಡಿಸಿದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಬ್ಯಾಕಪ್ ಮುಗಿಯಿತು ಅಂತಲೇ ಬಂತು. ಹೋಸ್ಟ್ಸ್ ಫೈಲ್ ತೆರೆದು ನೋಡಿದರೆ ಅದರ ತುಂಬಾ ನನ್ನ ಬ್ಯಾಕಪ್ ಪಟ್ಟಿ! ಸ್ಕ್ರಿಪ್ಟಿನ ಕೊನೇ ಸಾಲು ಅಳಿಸಿದ್ದು ಲಿಂಕನ್ನು ಮಾತ್ರ.

ಟೆಂಪ್‌ನ ಪರ್ಮಿಷನ್ 1777. ಅಲ್ಲಿ ಯಾರು ಬೇಕಾದರೂ ಫೈಲ್ ಮಾಡಬಹುದು. ಮುಂದಿರುವ 1 ಅಂದರೆ ಸ್ಟಿಕಿ ಬಿಟ್, ನಿಮ್ಮ ಫೈಲನ್ನು ಪಕ್ಕದವರು ಅಳಿಸದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ನೀವು ಬರುವ ಮೊದಲೇ ಆ ಹೆಸರಿನಲ್ಲಿ ಬೇರೆಯವರು ಬಂದು ಕೂತಿದ್ದರೆ ಅದು ಏನೂ ಮಾಡಲ್ಲ. ಶೆಲ್‌ನ > ಗುರುತಿಗೂ (ಕಮಾಂಡ್ ಓಡಿಸುವ ಶೆಲ್‌ನಲ್ಲಿ ಔಟ್‌ಪುಟ್ಟನ್ನು ಫೈಲಿಗೆ ಬರೆಸುವ ಗುರುತು) ಯಾರು ಮೊದಲು ಬಂದರು ಅನ್ನುವುದೆಲ್ಲ ಬೇಕಿಲ್ಲ, ಫೈಲ್ ಇಲ್ಲದಿದ್ದರೆ ಮಾಡುತ್ತದೆ, ಇದ್ದರೆ ಖಾಲಿ ಮಾಡಿ ಬರೆಯುತ್ತದೆ, ಲಿಂಕ್ ಇದ್ದರೆ ಅದು ತೋರಿಸಿದ ಕಡೆ ಹೋಗಿ ಬರೆಯುತ್ತದೆ. ಹಾಗಾಗಿ ನಿಮ್ಮ ಫೈಲ್ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಲೆಕ್ಕಕ್ಕೇ ಬರಲ್ಲ. ಅದು ಹುಟ್ಟುವ ಮೊದಲೇ ಹೆಸರನ್ನು ಊಹಿಸಬಹುದಾ ಅನ್ನುವುದೇ ಪ್ರಶ್ನೆ.

ಪ್ರೋಸೆಸ್ ನಂಬರ್ ಬದಲು ಬ್ಯಾಶ್ ಅನ್ನುವ ಶೆಲ್‌ನ ರ‍್ಯಾಂಡಮ್ ಹಾಕಿದರೆ? ಅದೂ 0ರಿಂದ 32767ರ ಒಳಗೇ ಇರುತ್ತದೆ. ಮೊದಲು ಫೈಲ್ ಇದೆಯಾ ಅಂತ -ಇ (-e) ಹಾಕಿ ಚೆಕ್ ಮಾಡಿದರೆ? ಚೆಕ್ ಮಾಡುವುದಕ್ಕೂ ಬರೆಯುವುದಕ್ಕೂ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ. ಇನ್ನೂ ಮಜಾ ಅಂದರೆ, ಲಿಂಕ್ ತೋರಿಸುವ ಜಾಗದಲ್ಲಿ ಫೈಲೇ ಇಲ್ಲದಿದ್ದರೆ -ಇ ಕಣ್ಣಿಗೆ ಆ ಲಿಂಕ್ ಕೂಡ ಕಾಣಲ್ಲ. "ಏನೂ ಇಲ್ಲ" ಅನ್ನುತ್ತದೆ, ನೀವು ಧೈರ್ಯವಾಗಿ ಬರೆಯುತ್ತೀರಿ, ಆ ಜಾಗದಲ್ಲಿ ರೂಟ್ ಹೆಸರಿನ ಹೊಸ ಫೈಲ್ ಹುಟ್ಟುತ್ತದೆ.

ಓದುವ ಕಡೆಯಿಂದಲೂ ತೂತಿದೆ. ಉಮಾಸ್ಕ್ (ಹೊಸ ಫೈಲಿಗೆ ಯಾವ ಪರ್ಮಿಷನ್ ಬೇಡ ಅನ್ನುವ ಸೆಟ್ಟಿಂಗ್) 022 ಇದ್ದರೆ ನಿಮ್ಮ ಡೇಟಾಬೇಸ್ ಡಂಪ್ (ಡೇಟಾ ಎಲ್ಲ ಸುರಿದ ಫೈಲ್) 644 ಆಗಿ ಬಿದ್ದಿರುತ್ತದೆ, ಎಲ್ಲರಿಗೂ ಓದಲು ಸಿಗುತ್ತದೆ. ಆಮೇಲೆ 600 ಮಾಡಿ ನಿಮಗೆ ಮಾತ್ರ ಸಿಗುವ ಹಾಗೆ ಮಾಡಿದರೂ, ಅಷ್ಟರೊಳಗೆ ತೆರೆದುಕೊಂಡವರು ಓದುತ್ತಲೇ ಇರಬಹುದು.

ಈಗಿನ ಕರ್ನಲ್ (ಲಿನಕ್ಸಿನ ತಿರುಳು) ಇದನ್ನೆಲ್ಲ ತಡೆಯುತ್ತದಲ್ವಾ ಅಂತ ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. 2012ರ ಲಿನಕ್ಸ್ 3.6ರಲ್ಲಿ ಇಂಥ ಡೈರೆಕ್ಟರಿಯಲ್ಲಿ ಬೇರೆಯವರ ಲಿಂಕ್ ಹಿಂದೆ ಹೋಗದ ಹಾಗೆ ಒಂದು ಸೆಟ್ಟಿಂಗ್ ಬಂತು, 2018ರ 4.19ರಲ್ಲಿ ಬೇರೆಯವರು ಮೊದಲೇ ಮಾಡಿಟ್ಟ ಸಾಮಾನ್ಯ ಫೈಲಿಗೂ ಅಂಥದ್ದೇ ಬಂತು. ರೂಟ್ ಆಗಿದ್ದರೂ ಟೆಂಪ್‌ನಲ್ಲಿ ಪರ್ಮಿಷನ್ ಡಿನೈಡ್ ಅಂತ ಬಂದು ತಲೆ ಕೆರೆದುಕೊಂಡಿದ್ದರೆ, ಕಾರಣ ಬಹುಶಃ ಇದೇ. ಆದರೆ ಈ ಕಾವಲು ಸ್ಟಿಕಿ ಬಿಟ್ ಇರುವ ಡೈರೆಕ್ಟರಿಗೆ ಮಾತ್ರ. ನಿಮ್ಮ ಸ್ಕ್ರಿಪ್ಟ್ ಟೆಂಪ್ ಒಳಗೆ ಒಂದು ಸಬ್‌ಡೈರೆಕ್ಟರಿ ಮಾಡುತ್ತದೆ ಅಂದುಕೊಳ್ಳಿ, ಎಂಕೆಡಿಐಆರ್ ಜೊತೆಗೆ -ಪಿ (mkdir -p) ಹಾಕಿ. ಆ ಡೈರೆಕ್ಟರಿ ಆಗಲೇ ಇದ್ದರೆ -ಪಿ ತುಟಿ ಪಿಟಕ್ ಅನ್ನಲ್ಲ. ಅದನ್ನು ಮೊದಲೇ ಮಾಡಿದ್ದು ಬೇರೆ ಯೂಸರ್ ಆಗಿದ್ದರೆ ಒಳಗೆ ಅವನದೇ ರಾಜ್ಯ, ಅವನ ಲಿಂಕ್‌ಗಳು ಮೊದಲಿನ ಹಾಗೇ ಕೆಲಸ ಮಾಡುತ್ತವೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಸರ್ವರ್ ನೋಡಿಕೊಳ್ಳಲು ಬಳಸುವ ವೆಬ್‌ಮಿನ್‌ನಲ್ಲೇ 2004ರಲ್ಲಿ ಇಂಥ ತಪ್ಪು ಸಿಕ್ಕಿತ್ತು: ತಾತ್ಕಾಲಿಕ ಡೈರೆಕ್ಟರಿ ಯಾರದು ಅಂತ ನೋಡದೆಯೇ ಅದು ಬಳಸುತ್ತಿತ್ತು.

ಸರಿ ಮಾಡುವುದು ಕಷ್ಟ ಇಲ್ಲ. ಶೆಲ್‌ನಲ್ಲಿ ಮೇಕ್‌ಟೆಂಪ್ -ಡಿ (mktemp -d) ಬಳಸಿ. ಊಹಿಸಲು ಆಗದ ಹೆಸರು ಕೊಡುತ್ತದೆ, 700 ಪರ್ಮಿಷನ್ನಿನ ಡೈರೆಕ್ಟರಿಯನ್ನು ತಾನೇ ಮಾಡುತ್ತದೆ, ಆ ಹೆಸರು ಆಗಲೇ ಇದ್ದರೆ ಬೇರೆ ಹೆಸರು ಹುಡುಕುತ್ತದೆ. ನಿಮ್ಮ ಫೈಲೆಲ್ಲ ಅದರೊಳಗೆ ಇಡಿ, ಟ್ರ್ಯಾಪ್ (ಸ್ಕ್ರಿಪ್ಟ್ ಮುಗಿಯುವಾಗ ತಾನಾಗಿ ಓಡುವ ಕಮಾಂಡ್) ಹಾಕಿ ಎಕ್ಸಿಟ್ ಆಗುವಾಗ ಅಳಿಸಿ. ಮೇಕ್‌ಟೆಂಪ್ ಫೇಲಾದರೆ ಅಲ್ಲೇ ನಿಲ್ಲಿಸುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ವೇರಿಯಬಲ್ ಖಾಲಿ ಇರುತ್ತದೆ, ಫೈಲ್‌ಗಳು ನೇರವಾಗಿ ಸ್ಲ್ಯಾಶ್ (ಸಿಸ್ಟಮ್ಮಿನ ಎಲ್ಲಕ್ಕಿಂತ ಮೇಲಿನ ಡೈರೆಕ್ಟರಿ) ಕೆಳಗೆ ಹೋಗಿ ಬೀಳುತ್ತವೆ. ತುಂಬಾ ಜನ ಮಾಡುವ ಇನ್ನೊಂದು ಎಡವಟ್ಟು, ಮೇಕ್‌ಟೆಂಪ್ ಕೊಟ್ಟ ಹೆಸರಿಗೆ ಬಾಲದಲ್ಲಿ ಎಸ್‌ಕ್ಯೂಎಲ್ ಅಂತ ಅಂಟಿಸುವುದು. ಅದು ಮಾಡಿಕೊಟ್ಟ ಫೈಲ್ ಒಂದು, ನೀವು ಬರೆಯುವ ಫೈಲ್ ಇನ್ನೊಂದು! -ಯು ಕೂಡ ಬೇಡ, ಅದು ಹೆಸರು ಮಾತ್ರ ಹೇಳಿ ಕೈ ತೊಳೆದುಕೊಳ್ಳುತ್ತದೆ. ಸಿ, ಪೈಥಾನ್ ಆದರೆ ಎಂಕೆಎಸ್‌ಟೆಂಪ್ (mkstemp).

ನನ್ನನ್ನು ಕೇಳಿದರೆ, ರೂಟ್ ಕೆಲಸಕ್ಕೆ ಟೆಂಪ್ ಯಾಕೆ ಬೇಕು ಅಂತ. ರನ್ ಡೈರೆಕ್ಟರಿ (/run) ಕೆಳಗೆ ರೂಟ್ ಹೆಸರಿನ 700 ಡೈರೆಕ್ಟರಿ ಮಾಡಿಕೊಂಡರೆ ಅರ್ಧ ತಲೆನೋವು ಹೋಯಿತು. ಡಂಪ್ ದೊಡ್ಡದಿದ್ದರೆ ಮಾತ್ರ ಅದನ್ನು ಡಿಸ್ಕ್ ಮೇಲೇ ಇಂಥದ್ದೇ ಜಾಗದಲ್ಲಿ ಇಡಿ, ಯಾಕಂದರೆ ರನ್ ಇರುವುದು ಮೆಮೊರಿಯಲ್ಲಿ. ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ಓಡಿಸುವ ಪ್ರೋಗ್ರಾಮ್) ಸರ್ವಿಸ್ ಆದರೆ ಪ್ರೈವೇಟ್‌ಟೆಂಪ್ (PrivateTmp) ಆನ್ ಮಾಡಿ, ಆ ಸರ್ವಿಸ್‌ಗೆ ತನ್ನದೇ ಟೆಂಪ್ ಸಿಗುತ್ತದೆ.

ಆಡಿಟ್‌ನವರಿಗೆ ಉತ್ತರ ಕಳಿಸುವ ಮೊದಲು ನಿಮ್ಮ ಎಲ್ಲ ಸ್ಕ್ರಿಪ್ಟ್‌ಗಳಲ್ಲೂ ಟೆಂಪ್ (/tmp) ಅಂತ ಒಮ್ಮೆ ಗ್ರೆಪ್ ಮಾಡಿ, ಅಂದರೆ ಹುಡುಕಿ. ನಾನು ಮಾಡಿದಾಗ ಬ್ಯಾಕಪ್ ಸ್ಕ್ರಿಪ್ಟ್ ಅಲ್ಲದೆ ಲಾಕ್ ಫೈಲ್‌ಗಳೂ (ಒಂದೇ ಸ್ಕ್ರಿಪ್ಟ್ ಎರಡು ಸಲ ಒಟ್ಟಿಗೆ ಓಡದಂತೆ ಇಡುವ ಫೈಲ್‌ಗಳು) ಸಿಕ್ಕಿದವು, ಪ್ರೋಸೆಸ್ ನಂಬರ್ ಕೂಡ ಇಲ್ಲದ, ದಿನಾ ಅದೇ ಹೆಸರಿನವು.